ಸಂಘದ ಕಛೇರಿಯ ರೂಟರ್: ಅದರ ಆರೋಗ್ಯ ನೋಡಿಕೊಳ್ಳುವ ಕ್ರಮ

ಕಾಫಿ ಬೆಳೆಗಾರರಲ್ಲಿ ಮಳೆ ಲೆಕ್ಕದ ಪುಸ್ತಕವಿಲ್ಲದ ಮನೆ ಕಡಿಮೆ. ಬೆಳಿಗ್ಗೆ ಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಹಿರಿಯರ ಕಾಲದಿಂದ ಬಂದ ಅಭ್ಯಾಸ. ಹೂಮಳೆ ಯಾವ ದಿನ ಬಂತು, ಎಷ್ಟು ಬಂತು ಎಂದು ಕೇಳಿದರೆ ಪುಸ್ತಕ ತೆರೆದು ಹೇಳುತ್ತೇವೆ. ಆದರೆ ಸಂಘದ ಕಛೇರಿಯಲ್ಲಿ ನೆಟ್ ಯಾವ ದಿನ ಹೋಗಿತ್ತು, ಎಷ್ಟು ಹೊತ್ತು ಹೋಗಿತ್ತು ಎಂದು ಕೇಳಿ ನೋಡಿ. "ಆಗಾಗ ಹೋಗ್ತಾ ಇರುತ್ತೆ" ಎಂಬುದಷ್ಟೇ ಉತ್ತರ.

ಇದರಿಂದ ಸದಸ್ಯರಿಗೇನು ಎಂದು ಕೇಳಬಹುದು. ೨೦೨೨ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ತೂಕದ ರಶೀದಿ, ಸಾಲದ ಖಾತೆ, ಅಡಿಕೆಯ ಟೆಂಡರು, ಇವೆಲ್ಲ ಈಗ ಕಛೇರಿಯ ಮೂಲೆಯಲ್ಲಿರುವ ರೂಟರ್ ಎಂಬ ಪೆಟ್ಟಿಗೆಯ ಮೂಲಕವೇ ಹೊರಗೆ ಹೋಗಿ ಬರಬೇಕು. ಅದು ಮಂಕಾದರೆ ನಷ್ಟ ಸದಸ್ಯರದು.

ನಾನು ಲೆಕ್ಕ ನೋಡುತ್ತಿದ್ದ ಸಂಘವೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಟೆಂಡರಿನ ದಿನ ಮಧ್ಯಾಹ್ನವಾದರೆ ಸಾಕು, ಪರದೆ ನಿಂತುಬಿಡುತ್ತಿತ್ತು. ಸದಸ್ಯರೊಬ್ಬರು ಮಗಳ ಮದುವೆ ಖರ್ಚಿಗೆಂದು ಅಡಿಕೆ ತಂದಿದ್ದರು. ವೇಳೆ ಮುಗಿಯುವುದರೊಳಗೆ ಅವರ ಲಾಟಿನ ವಿವರ ದಾಖಲಾಗಲಿಲ್ಲ. ಮಾಲು ಮುಂದಿನ ಟೆಂಡರಿಗೆ ಹೋಯಿತು, ಅಷ್ಟರಲ್ಲಿ ದರ ಇಳಿದಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಲೈನು ಕೊಟ್ಟ ಕಂಪೆನಿಯನ್ನು ಕೇಳಿದರೆ "ನಮ್ಮ ಕಡೆ ಎಲ್ಲ ಸರಿ ಇದೆ" ಎಂದರು. ಅಲ್ಲವೆಂದು ವಾದಿಸಲು ನಮ್ಮ ಬಳಿ ಒಂದು ಸಾಲಿನ ದಾಖಲೆಯೂ ಇರಲಿಲ್ಲ.

ಆಮೇಲೆ ಒಂದು ಪುಸ್ತಕ ಇಟ್ಟೆವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಕಡೆಗೆ ಪಿಂಗ್ ಕಳಿಸಿ ಬರೆದುಕೊಳ್ಳುವುದು. ಪಿಂಗ್ ಎಂದರೆ ಕಂಪ್ಯೂಟರಿನಿಂದ ಹಾಕುವ ಒಂದು ಕೂಗು. ಆ ಕಡೆಯಿಂದ ಓಗೊಟ್ಟರೆ, ಎಷ್ಟು ಮಿಲಿಸೆಕೆಂಡಿನಲ್ಲಿ ಓಗೊಟ್ಟಿತು ಎಂದು ತೋರಿಸುತ್ತದೆ. ೧೯೮೩ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ ಮೂಸ್ ಎಂಬುವರು ಇದನ್ನು ಬರೆದರು. ನೀರಿನಡಿ ಸದ್ದು ಕಳಿಸಿ ಪ್ರತಿಧ್ವನಿ ಕೇಳುವ ಸೋನಾರ್ ಯಂತ್ರದಿಂದ ಹೆಸರು ಬಂತು. ಎಲ್ಲ ಕಂಪ್ಯೂಟರುಗಳಲ್ಲೂ ಇದೆ, ಕಾಸು ಕೊಡಬೇಕಾಗಿಲ್ಲ.

ಮೊದಲ ಕೂಗು ನಮ್ಮ ರೂಟರಿಗೇ. ತಂತಿಯಲ್ಲಿ ಜೋಡಿಸಿದ ಕಂಪ್ಯೂಟರಿಗೆ ಒಂದೆರಡು ಮಿಲಿಸೆಕೆಂಡಿನಲ್ಲಿ ಉತ್ತರ ಬರಬೇಕು. ಎರಡನೆಯದು ಕಂಪೆನಿಯ ಮೊದಲ ಯಂತ್ರಕ್ಕೆ. ಮೂರನೆಯದು ದೂರದ ಊರಿನ ಯಾವುದಾದರೂ ಸರ್ವರಿಗೆ. ನಾರಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಹೋಗುತ್ತದೆ. ಎಂದರೆ ನೂರು ಕಿಲೋಮೀಟರು ಹೋಗಿ ಬರಲು ಒಂದು ಮಿಲಿಸೆಕೆಂಡು. ಸಾವಿರ ಕಿಲೋಮೀಟರಿನ ಆಚೆಗೆ ಹತ್ತಕ್ಕಿಂತ ಕಡಿಮೆ ಬರಲು ಸಾಧ್ಯವಿಲ್ಲ. ಮುಖ್ಯವಾದದ್ದು, ನಿಮ್ಮ ಕಛೇರಿಯಲ್ಲಿ ಸರಿ ಇರುವ ದಿನ ಎಷ್ಟು ಬರುತ್ತದೆ ಎಂಬ ಅಂಕಿ. ಆರೋಗ್ಯವಾಗಿದ್ದಾಗಿನ ಲೆಕ್ಕವಿಲ್ಲದೆ ಕಾಯಿಲೆಯನ್ನು ಗುರುತಿಸುವುದು ಹೇಗೆ? ನೂರು ಕೂಗಿನಲ್ಲಿ ಎಷ್ಟಕ್ಕೆ ಉತ್ತರ ಬರಲಿಲ್ಲ ಎಂಬುದನ್ನೂ ಬರೆಯಬೇಕು. ಎರಡು ಮೂರು ತಪ್ಪಿದರೂ ಟೆಂಡರಿನ ಪರದೆ ಎಳೆದಾಡಲು ಆರಂಭಿಸುತ್ತದೆ.

ಹದಿನೈದು ದಿನದ ಪುಸ್ತಕ ನೋಡಿದಾಗ ನಮಗೇ ನಾಚಿಕೆಯಾಯಿತು. ಮಧ್ಯಾಹ್ನದ ಹೊತ್ತು ನಮ್ಮ ರೂಟರಿನಿಂದಲೇ ಉತ್ತರ ತಪ್ಪುತ್ತಿತ್ತು. ರೂಟರಿನ ಒಳಪುಟವನ್ನು ತೆರೆದರೆ, ಅದು ಹೊತ್ತಿಕೊಂಡು ಎಷ್ಟು ಕಾಲವಾಯಿತು ಎಂಬ ಲೆಕ್ಕ ಇರುತ್ತದೆ. ತಿಂಗಳುಗಟ್ಟಲೆ ಇರಬೇಕಾದದ್ದು ನಲವತ್ತು ನಿಮಿಷ ಎಂದು ತೋರಿಸುತ್ತಿತ್ತು. ಎಂದರೆ ತಾನೇ ಆರಿ ತಾನೇ ಹೊತ್ತಿಕೊಳ್ಳುತ್ತಿತ್ತು. ಶೀಟಿನ ಮಾಡಿನ ಕೆಳಗೆ, ಮುಚ್ಚಿದ ಬೀರುವಿನಲ್ಲಿ, ಬಿಸಿ ಯುಪಿಎಸ್ಸಿನ ತಲೆಯ ಮೇಲೆ ಅದನ್ನು ಇಟ್ಟವರು ನಾವೇ! ಇಂಥ ಸಣ್ಣ ಕಛೇರಿಯ ರೂಟರುಗಳನ್ನು ಸಾಮಾನ್ಯವಾಗಿ ಸುತ್ತಲ ಗಾಳಿ ೪೦ ಡಿಗ್ರಿ ಸೆಲ್ಸಿಯಸ್ ಮೀರದ ಜಾಗಕ್ಕೆಂದು ಮಾಡಿರುತ್ತಾರೆ. ಗಾಳಿಯಾಡುವ ಗೋಡೆಗೆ ಹಲಗೆ ಹೊಡೆದು ಅದರ ಮೇಲಿಟ್ಟ ನಂತರ ಆರುವುದು ನಿಂತಿತು.

ಆದರೆ ನಿಧಾನ ಪೂರ್ತಿ ಹೋಗಲಿಲ್ಲ. ಈಗ ರೂಟರು ಕೂಡಲೇ ಓಗೊಡುತ್ತಿತ್ತು. ಕಂಪೆನಿಯ ಯಂತ್ರ ಮಾತ್ರ ೧೫ರ ಬದಲು ೪೦೦ ಮಿಲಿಸೆಕೆಂಡು ತೆಗೆದುಕೊಳ್ಳುತ್ತಿತ್ತು. ತಪ್ಪು ಅವರದೇ ಎಂದು ಪತ್ರ ಬರೆಯಲು ಕುಳಿತವರು, ರೂಟರಿನ ಸಾಗಾಣಿಕೆ ಲೆಕ್ಕವನ್ನು ಒಮ್ಮೆ ನೋಡಿದೆವು. ಒಳಬರುವ ಮಾಲು ಅಲ್ಪ, ಹೊರಹೋಗುವ ದಾರಿ ತುಂಬಿ ತುಳುಕುತ್ತಿತ್ತು. ಗೋದಾಮಿನ ಸಿಸಿ ಕ್ಯಾಮೆರಾಗಳು ಹಗಲೆಲ್ಲ ಚಿತ್ರದ ನಕಲನ್ನು ಹೊರಗೆ ಕಳಿಸುತ್ತಿದ್ದವು. ಅವುಗಳ ಹಿಂದೆ ಟೆಂಡರಿನ ವಿವರ ಸರದಿಯಲ್ಲಿ ನಿಂತಿತ್ತು. ಆ ಕೆಲಸವನ್ನು ರಾತ್ರಿಗೆ ಹಾಕಿದೆವು. ಪತ್ರ ಹಾಕಲಿಲ್ಲ.

ನಾಲ್ಕೈದು ಶಾಖೆಗಳಿರುವ ಸಂಘಗಳಿಗೆ ಕೈಬರಹದ ಪುಸ್ತಕ ಸಾಲದು. ರೂಟರುಗಳು ತಮ್ಮ ಲೆಕ್ಕವನ್ನು ತಾವೇ ಹೇಳುವ ಎಸ್‌ಎನ್‌ಎಂಪಿ ಎಂಬ ಪದ್ಧತಿ ೧೯೮೮ರಿಂದ ಇದೆ. ಕೇಂದ್ರ ಕಛೇರಿಯ ಕಂಪ್ಯೂಟರು ಐದೈದು ನಿಮಿಷಕ್ಕೆ ಕೇಳಿ ನಕ್ಷೆ ಬರೆಯುತ್ತದೆ. ೧೯೯೫ರಲ್ಲಿ ಟೋಬಿಯಾಸ್ ಓಟಿಕರ್ ಎಂಬುವರು ಬರೆದ ಎಂಆರ್‌ಟಿಜಿ ಇಂಥ ನಕ್ಷೆ ಬರೆಯುವ ಉಚಿತ ತಂತ್ರಾಂಶ. ಒಂದು ಎಚ್ಚರಿಕೆ: ಐದು ನಿಮಿಷದ ಸರಾಸರಿಯಲ್ಲಿ ಅರ್ಧ ನಿಮಿಷದ ಇಕ್ಕಟ್ಟು ಕಾಣುವುದಿಲ್ಲ. ಇನ್ನೊಂದು, ಈ ಪದ್ಧತಿಯ ಹಳೆಯ ನಮೂನೆಗಳಲ್ಲಿ 'ಪಬ್ಲಿಕ್' ಎಂಬ ಊರಿಗೆಲ್ಲ ಗೊತ್ತಿರುವ ಗುಟ್ಟಿನ ಪದ ಇರುತ್ತದೆ. ಅದನ್ನು ಬದಲಾಯಿಸಲೇಬೇಕು. ಮೂರನೆಯ ನಮೂನೆ ಸಿಕ್ಕಿದರೆ ಅದನ್ನೇ ಬಳಸುವುದು ಕ್ಷೇಮ.

ಕಂಪೆನಿಯವರು ನೂರಕ್ಕೆ ೯೯ ಪಾಲು ಸೇವೆ ಎಂದರೆ ಹಿಗ್ಗಬೇಡಿ. ಉಳಿದ ಒಂದು ಪಾಲು ವರ್ಷಕ್ಕೆ ೮೭ ಗಂಟೆಗೂ ಮೀರುತ್ತದೆ, ಮೂರೂವರೆ ದಿನಕ್ಕಿಂತ ಹೆಚ್ಚು. ಅದು ಕೊಯ್ಲಿನ ನಂತರದ ಮಾರಾಟದ ವಾರದಲ್ಲೇ ಬಂದರೆ? ಕರಾರು ಮಾಡುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

ನಾರಿನ ಲೈನು ಇರುವವರು ಬೆಳಕಿನ ಬಲವನ್ನೂ ವಾರಕ್ಕೊಮ್ಮೆ ಬರೆದಿಡಬೇಕು. ಅದನ್ನು ಋಣ ಚಿಹ್ನೆಯಲ್ಲಿ, ಡಿಬಿಎಂ ಎಂಬ ಮಾನದಲ್ಲಿ ತೋರಿಸುತ್ತಾರೆ. ಸಾಮಾನ್ಯವಾಗಿ ಕೊಡುವ ಸಂಪರ್ಕಗಳಲ್ಲಿ -೨೭ಕ್ಕಿಂತ ಕೆಳಗಿಳಿದರೆ ಯಂತ್ರಕ್ಕೆ ಕಣ್ಣು ಕಾಣದು. ಕಳೆದ ವಾರ -೨೦ ಇದ್ದದ್ದು ಈ ವಾರ -೨೫ ಆದರೆ, ಎಲ್ಲೋ ಕೊಂಬೆ ಬಿದ್ದು ತಂತಿ ಬಾಗಿದೆ ಅಥವಾ ಜೋಡಣೆ ಸಡಿಲವಾಗಿದೆ ಎಂದು ಊಹಿಸಬಹುದು. ಪೂರ್ತಿ ಹೋಗುವ ಮುಂಚೆಯೇ ದೂರು ಕೊಡಿ. ದೂರಿನಲ್ಲಿ ದಿನಾಂಕ, ಗಂಟೆ, ಮೂರು ಪಿಂಗುಗಳ ಅಂಕಿ ಇರಲಿ.

ಗುಡುಗಿನ ಕಾಲದಲ್ಲಿ ಪ್ಲಗ್ಗನ್ನು ಮಾತ್ರ ಕಿತ್ತರೆ ಸಾಲದು. ಹೊರಗಿನಿಂದ ಬರುವ ತಾಮ್ರದ ತಂತಿಯನ್ನೂ ಕೀಳಬೇಕು, ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ. ಗುಡುಗು ಕೇಳುವ ಮೊದಲೇ, ಸಂಜೆ ಕಛೇರಿ ಮುಚ್ಚುವಾಗ, ಇದನ್ನು ಮಾಡುವುದು ವಾಡಿಕೆಯಾಗಲಿ. ಕಿತ್ತ ಹೊತ್ತನ್ನು ಪುಸ್ತಕದಲ್ಲಿ ಬರೆಯಿರಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಅದೂ ಕಂಪೆನಿಯ ಲೆಕ್ಕಕ್ಕೆ ಸೇರಿಬಿಡುತ್ತದೆ.