ಹೊಸ ಸಂಸಾರ ಹೂಡಿದವರಿಗೆ: ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿಯನ್ನು ಕುರಿತು

 

ಹೊಸದಾಗಿ ಸಂಸಾರ ಹೂಡಿದವರ ಮನಸ್ಸಿನಲ್ಲಿ ಇಂದೋ ನಾಳೆಯೋ ಏಳುವ ಪ್ರಶ್ನೆಯೊಂದಿದೆ. ಬೆಳಗ್ಗೆ ಹಾಲು ಕಾಯಿಸುವುದರಿಂದ ಹಿಡಿದು ರಾತ್ರಿ ಬಾಗಿಲಿಗೆ ಅಗುಳಿ ಹಾಕುವವರೆಗೆ ಬಿಡುವಿಲ್ಲದೆ ಸಾಗುವ ಮನೆವಾರ್ತೆಯಲ್ಲಿ ದೇವರಿಗೆ ಎಡೆಯೆಲ್ಲಿದೆ ಎಂಬುದೇ ಆ ಪ್ರಶ್ನೆ. ಪೂಜೆಗೆ ಕೂರಲು ಪುರುಸೊತ್ತಿಲ್ಲ, ಯಾತ್ರೆಗೆ ಹೊರಡಲು ರಜೆಯಿಲ್ಲ ಎಂದು ಕೊರಗುವವರು ದೈವಕೃಪೆಯನ್ನು ಮನೆಯ ಹೊರಗೆ ಎಲ್ಲಿಯೋ ಇಟ್ಟಿರುತ್ತಾರೆ. ಅಪಘಾತದಿಂದ ಪಾರಾದಾಗ, ಬಹುದಿನ ಕಾದ ಕೆಲಸ ಕೈಗೆ ಬಂದಾಗ ಮಾತ್ರ ದೇವರು ದೊಡ್ಡವನು ಎಂದು ಕೈಮುಗಿಯುವವರು ಅದನ್ನು ಅಪರೂಪದ ಘಟನೆಗಳಿಗೆ ಮೀಸಲಿಟ್ಟಿರುತ್ತಾರೆ. ಎಲ್ಲರೂ ಉಂಡು, ಎಲ್ಲರೂ ಮಲಗಿ, ವಿಶೇಷವಾದದ್ದೇನೂ ನಡೆಯದೆ ಮುಗಿದ ದಿನ ಈ ಎರಡು ಲೆಕ್ಕಗಳಲ್ಲಿಯೂ ಸೇರುವುದಿಲ್ಲ. ಆದರೆ ಬದುಕಿನ ಬಹುಭಾಗ ಅಂಥ ದಿನಗಳಿಂದಲೇ ಆಗಿರುವುದರಿಂದ, ಅವುಗಳಲ್ಲಿ ಕಾಣದ ದೇವರು ಗೃಹಸ್ಥನಿಗೆ ಹೆಚ್ಚು ಕಾಲ ಕಾಣದವನಾಗಿಯೇ ಉಳಿಯುತ್ತಾನೆ. ಕನ್ನಡ ನಾಡಿನ ಭಕ್ತಿಪರಂಪರೆ ಈ ಪ್ರಶ್ನೆಯನ್ನು ಹಲವು ಬಗೆಯಲ್ಲಿ ಎದುರಿಸಿದೆ. ಅದು ಕೊಟ್ಟ ಉತ್ತರಗಳಲ್ಲಿ ಅತ್ಯಂತ ಖಚಿತವಾದದ್ದು 12ನೆಯ ಶತಮಾನದ ಕಲ್ಯಾಣದ ಒಂದು ಬಡ ಮನೆಯಿಂದ ಬಂದಿತು.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಮಾರಯ್ಯ ಮತ್ತು ಲಕ್ಕಮ್ಮ ಎಂಬ ದಂಪತಿಗೆ ಆಸ್ತಿಯೆಂಬುದು ಇರಲಿಲ್ಲ. ಶರಣರ, ಎಂದರೆ ಬಸವಣ್ಣನ ಬಳಗದ ಶಿವಭಕ್ತರ, ಅಂಗಳಗಳಲ್ಲಿ ಚೆಲ್ಲಿಹೋದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಹೊಟ್ಟೆಪಾಡಿನ ದುಡಿಮೆ ಮತ್ತು ಶಿವನ ಆರಾಧನೆ ಬೇರೆಬೇರೆಯಾಗದೆ ಒಂದೇ ಆಗಿರುವ ಕೆಲಸವನ್ನು ಶರಣರು ಕಾಯಕವೆಂದು ಕರೆದರು. ಹಾಗೆ ತಂದ ಅಕ್ಕಿಯನ್ನು ಬೇಯಿಸಿ, ಮನೆಗೆ ಬಂದ ಜಂಗಮರಿಗೆ, ಎಂದರೆ ಊರೂರು ಸಂಚರಿಸುವ ಶಿವಭಕ್ತರಿಗೆ, ಬಡಿಸಿದ ಮೇಲೆ ತಾವು ಉಣ್ಣುವುದು ಆ ಮನೆಯ ಕ್ರಮವಾಗಿತ್ತು. ದುಡಿದದ್ದನ್ನು ತನ್ನದೆನ್ನದೆ ಹಂಚಿ ಉಣ್ಣುವ ಈ ನಡೆಗೆ ದಾಸೋಹವೆಂದು ಹೆಸರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದನೆಂದೂ, ಲಕ್ಕಮ್ಮ ಅದನ್ನು ನೋಡಿ, ಆಸೆ ಅರಸರಿಗೆ ಒಪ್ಪೀತೇ ಹೊರತು ಶಿವಭಕ್ತರಿಗೆ ಒಪ್ಪದು, ಈ ಹೆಚ್ಚಿನ ಅಕ್ಕಿಯನ್ನು ದೇವರೂ ಮೆಚ್ಚನು ಎಂಬ ಅರ್ಥದ ಮಾತನ್ನಾಡಿ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳೆಂದೂ ಪರಂಪರೆ ಹೇಳುತ್ತದೆ. ಆ ಮಾತು ಅವಳ ವಚನವಾಗಿಯೇ ಉಳಿದುಬಂದಿದೆ.

ಲಕ್ಕಮ್ಮನ ಈ ನಿರ್ಧಾರವನ್ನು ಸಾಮಾನ್ಯವಾಗಿ ಆಸೆಯನ್ನು ತೊರೆಯುವ ಪಾಠವೆಂದು ವಿವರಿಸುತ್ತಾರೆ, ಮತ್ತು ಆ ವಿವರಣೆ ತಪ್ಪಲ್ಲವಾದರೂ ಸಾಲದು. ನಿನ್ನೆಯ ಅಕ್ಕಿ ನಿನ್ನೆಗೆ ಸಾಕಾಗಿತ್ತು, ಇಂದಿನದು ಇಂದಿಗೆ ಸಾಕು, ನಾಳೆಯ ಅಂಗಳದಲ್ಲಿ ನಾಳೆಯ ಕಾಳು ಬಿದ್ದಿರುತ್ತದೆ ಎಂಬ ಭರವಸೆ ಅವಳ ಮಾತಿನ ಹಿಂದೆ ನಿಂತಿದೆ. ಆ ಭರವಸೆಗೆ ಆಧಾರ ಪವಾಡಗಳಾಗಿರಲಿಲ್ಲ. ದಿನವೂ ಬರಿಗೈಯಲ್ಲಿ ಹೋದ ಗಂಡ ದಿನವೂ ಒಂದಿಷ್ಟು ಅಕ್ಕಿಯೊಡನೆ ಮರಳುತ್ತಿದ್ದುದನ್ನು ಅವಳು ಗಮನಿಸಿದ್ದಳು, ಅಷ್ಟೇ. ಹೆಚ್ಚು ತಂದ ದಿನ ಮಾರಯ್ಯ ಕದ್ದಿರಲಿಲ್ಲ, ಯಾರನ್ನೂ ವಂಚಿಸಿರಲಿಲ್ಲ. ಆದರೂ ಅವನ ಕೈ ಅಂದು ತನ್ನ ಮನೆಯ ಅಗತ್ಯವನ್ನು ದಾಟಿ ಚಾಚಿತ್ತು, ಮತ್ತು ಆ ಚಾಚುವಿಕೆಯಲ್ಲಿ ನಾಳೆ ದೇವರು ಕೈಬಿಟ್ಟಾನು ಎಂಬ ಸಣ್ಣ ಶಂಕೆ ಅಡಗಿತ್ತು. ಗಂಡನಿಗೇ ಕಾಣದ ಆ ಶಂಕೆ ಹೆಂಡತಿಗೆ ಅಕ್ಕಿಯ ಗಂಟಿನ ಗಾತ್ರದಲ್ಲಿ ಕಂಡಿತು. ಸಾಕು ಎಂಬುದರ ಅಳತೆ ತಿಳಿಯದ ಮನೆಯಲ್ಲಿ ದೈವದ ಕಾಳಜಿ ಎಷ್ಟು ಬಂದರೂ ಅದು ಕೊರತೆಯಾಗಿಯೇ ತೋರುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಪ್ರಸಂಗ ಕನ್ನಡದಲ್ಲಿ ಮತ್ತೊಂದು ಸಿಗುವುದು ಕಷ್ಟ. ಹಿಂದಿರುಗಿಸಿದ ಮೇಲೆ ಉಳಿದ ಆ ಅಲ್ಪ ಅಕ್ಕಿಯಿಂದಲೇ ಲಕ್ಕಮ್ಮ ಬಸವಣ್ಣನಿಗೂ 1,96,000 ಜಂಗಮರಿಗೂ ಉಣಬಡಿಸಿದಳೆಂದು ಐತಿಹ್ಯವಿದೆ. ಅದನ್ನು ನಂಬುವವರು ನಂಬಬಹುದು, ಆದರೆ ಅಕ್ಕಿಯನ್ನು ಹಿಂದಿರುಗಿಸಿದ್ದೇ ಅದಕ್ಕಿಂತ ದೊಡ್ಡ ಸಂಗತಿ.

ಇಂದಿನ ಮನೆ ಕಲ್ಯಾಣದ ಗುಡಿಸಲಲ್ಲ ಎಂಬುದೂ ನಿಜ. ಮಕ್ಕಳ ಶಾಲೆಯ ಶುಲ್ಕ, ವಯಸ್ಸಾದವರ ಔಷಧಿ, ಮನೆ ಸಾಲದ ತಿಂಗಳ ಕಂತು ಇವೆಲ್ಲ ಮುಂದಾಲೋಚನೆಯನ್ನು ಬೇಡುತ್ತವೆ, ಮತ್ತು ನಾಳೆಗೆ ಒಂದಿಷ್ಟು ಉಳಿಸುವುದು ಅಪನಂಬಿಕೆಯ ಲಕ್ಷಣವಾಗಬೇಕಿಲ್ಲ. ತನ್ನವರ ಅಗತ್ಯವನ್ನು ಅರಿತು ಎತ್ತಿಡುವವನಿಗೂ, ಪಕ್ಕದ ಮನೆಯವರ ಕಾರನ್ನು ನೋಡಿ ನಿದ್ದೆಗೆಡುವವನಿಗೂ ಇರುವ ವ್ಯತ್ಯಾಸವನ್ನು ಕಿರಿಯರು ತಮ್ಮಲ್ಲಿಯೇ ಪರೀಕ್ಷಿಸಿಕೊಳ್ಳಬಲ್ಲರು.

ಇದೇ ದಂಪತಿಯ ಇನ್ನೊಂದು ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಹೊಂದಿಸಿದ ಈ ಗ್ರಂಥ 15ನೆಯ ಶತಮಾನದಲ್ಲಿ ಮೊದಲು ಸಂಕಲನಗೊಂಡು, ಮುಂದೆ ಹಲವರ ಕೈಯಲ್ಲಿ ಪರಿಷ್ಕಾರವಾಯಿತು. ಅಲ್ಲಿ ಮಾರಯ್ಯ ಶರಣ ಅಲ್ಲಮಪ್ರಭುವಿನೊಡನೆ ಅನುಭಾವದ, ಎಂದರೆ ನೇರ ಆಧ್ಯಾತ್ಮಿಕ ಅರಿವಿನ, ಮಾತುಕತೆಯಲ್ಲಿ ಮುಳುಗಿ ಕೆಲಸವನ್ನು ಮರೆತಾಗ, ಲಕ್ಕಮ್ಮ ಬಂದು ಕಾಯಕ ನಿಂತುಹೋಗಿರುವುದನ್ನು ನೆನಪಿಸಿ ಅವನನ್ನು ಎಬ್ಬಿಸುತ್ತಾಳೆ. ದೇವರ ಮಾತನಾಡುತ್ತಿದ್ದ ಗಂಡನನ್ನು ದೇವರ ಕೆಲಸಕ್ಕೆ ಕಳುಹಿಸಿದ ಹೆಂಡತಿ ಇವಳು. ಮದುವೆಯಾದ ಹೊಸತರಲ್ಲಿ ಬಾಳಸಂಗಾತಿಯ ಇಂಥ ಮಾತು ಕಿರಿಕಿರಿಯೆಂದೂ ಅಡ್ಡಿಯೆಂದೂ ತೋರುವುದು ಸಹಜ. ಬಿಲ್ಲು ಕಟ್ಟಿದೆಯೇ, ಅಮ್ಮನಿಗೆ ಮಾತ್ರೆ ಕೊಟ್ಟಾಯಿತೇ, ಇಷ್ಟು ಹೊತ್ತಾದರೂ ಯಾಕೆ ಬರಲಿಲ್ಲ ಎಂಬ ಮಾತುಗಳಲ್ಲಿ ಯಾರಿಗೂ ದೈವವಾಣಿ ಕೇಳಿಸುವುದಿಲ್ಲ. ಆದರೆ ಒಬ್ಬ ಮನುಷ್ಯ ದಾರಿ ತಪ್ಪುವ ಮೊದಲೇ ಅದನ್ನು ಗುರುತಿಸಿ ತಡೆಯುವ ಇನ್ನೊಂದು ಜೀವ ಅದೇ ಸೂರಿನಡಿ ಇರುವುದು ದೇವರ ಕಾಳಜಿಯಲ್ಲದೆ ಮತ್ತೇನು? ಮಾರಯ್ಯ ತನ್ನ ವಚನಗಳಲ್ಲಿ ಅಮರೇಶ್ವರಲಿಂಗವೆಂಬ ಅಂಕಿತವನ್ನು, ಎಂದರೆ ಕೊನೆಯಲ್ಲಿ ಇಷ್ಟದೈವದ ಹೆಸರಿನಲ್ಲಿ ಒತ್ತುವ ಮುದ್ರೆಯನ್ನು, ಬಳಸಿದರೆ ಲಕ್ಕಮ್ಮ ಅದೇ ದೈವವನ್ನು ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂದು ಕರೆದಳು. ಗಂಡನನ್ನು ತಿದ್ದಿದ ನಾಲಗೆಯೇ ಅವನನ್ನು ದೇವರಿಗೆ ಪ್ರಿಯನೆಂದು ಮತ್ತೆ ಮತ್ತೆ ಹೇಳಿತು. ತಿದ್ದುವುದಕ್ಕೂ ಮೂದಲಿಸುವುದಕ್ಕೂ ನಡುವಣ ಗೆರೆ ಇಲ್ಲಿದೆ.

ದೈವದ ಪಾಲನೆಯನ್ನು ಹಾಡಿದವರಲ್ಲಿ ಕಾಗಿನೆಲೆಯ ಕನಕದಾಸರ ಹೆಸರು ಮೊದಲು ನೆನಪಿಗೆ ಬರುತ್ತದೆ. ಬೆಟ್ಟದ ತುದಿಯಲ್ಲಿ ಹುಟ್ಟಿದ ಮರಕ್ಕೆ ನೀರೆರೆದವರು ಯಾರು, ಕಲ್ಲಿನೊಳಗೆ ಹುಟ್ಟಿದ ಕಪ್ಪೆಗೆ ಆಹಾರವಿಟ್ಟವರು ಯಾರು ಎಂದು ಕೇಳುತ್ತ, ತಳಮಳಗೊಂಡ ಮನಸ್ಸನ್ನು ಸಂತೈಸುವ ಅವರ ಕೀರ್ತನೆ ಕನ್ನಡಿಗರ ಮನೆಮನೆಯಲ್ಲಿ ಕೇಳಿಬಂದಿದೆ. ಅದರಲ್ಲಿ ಬರುವ ಮರಕ್ಕೂ ಕಪ್ಪೆಗೂ ಬೇರೆ ಯಾರೂ ಇಲ್ಲ, ಅವುಗಳನ್ನು ದೇವರೇ ನೇರವಾಗಿ ಸಲಹುತ್ತಾನೆ. ಮನೆಯಲ್ಲಿ ಹುಟ್ಟಿದ ಮಗುವಿನ ಸ್ಥಿತಿ ಬೇರೆ. ಅದನ್ನು ಸಲಹಲು ತಾಯಿಯ ಎದೆಹಾಲು, ಅಜ್ಜಿಯ ಎಣ್ಣೆನೀರು, ಜ್ವರ ಬಂದ ರಾತ್ರಿ ಆಟೋ ಹುಡುಕಿ ಓಡುವ ತಂದೆಯ ಕಾಲು ಇವೆಲ್ಲ ಬೇಕು. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತ ತನ್ನನ್ನೇ ನೆನೆಯುವವರ ಯೋಗಕ್ಷೇಮವನ್ನು ತಾನೇ ಹೊರುವುದಾಗಿ ಮಾತು ಕೊಡುತ್ತಾನೆ. ಇಲ್ಲದ್ದನ್ನು ದೊರಕಿಸುವುದು ಯೋಗ, ದೊರೆತದ್ದನ್ನು ಕಾಪಾಡುವುದು ಕ್ಷೇಮ ಎಂದು ಶಂಕರಾಚಾರ್ಯರ ಭಾಷ್ಯ ಆ ಎರಡನ್ನೂ ಬಿಡಿಸಿ ತಿಳಿಸುತ್ತದೆ. ಗಮನವಿಟ್ಟು ನೋಡಿದರೆ ಸಂಸಾರವೆಂಬುದು ಹಗಲಿರುಳೂ ಮಾಡುವುದು ಇವೆರಡೇ ಕೆಲಸಗಳನ್ನು: ಒಬ್ಬರು ಸಂತೆಯಿಂದ ತರುತ್ತಾರೆ, ಇನ್ನೊಬ್ಬರು ಇರುವೆ ಮುತ್ತದಂತೆ ಎತ್ತಿಡುತ್ತಾರೆ. ಭಗವಂತ ಹೊರುತ್ತೇನೆಂದ ಹೊರೆ ಈ ಹೆಗಲುಗಳ ಮೂಲಕವೇ ಸಾಗುತ್ತದೆ ಎಂದು ತಿಳಿಯುವುದರಲ್ಲಿ ಆ ಮಾತಿಗೆ ಯಾವ ಕುಂದೂ ಇಲ್ಲ. ಡಿ.ವಿ. ಗುಂಡಪ್ಪನವರು (1887–1975) ಗೀತೆಯನ್ನು ಕುರಿತ ತಮ್ಮ ಗ್ರಂಥವನ್ನು ಜೀವನಧರ್ಮಯೋಗವೆಂದು ಕರೆದದ್ದು, ಆ ಉಪದೇಶ ಕಾಡಿಗೆ ಹೋಗುವವರಿಗಿಂತ ಮನೆಯಲ್ಲಿ ಉಳಿಯುವವರಿಗೆ ಹೆಚ್ಚು ಬೇಕಾದದ್ದು ಎಂಬುದನ್ನು ಕಂಡೇ ಇರಬೇಕು.

ಹೀಗಿರುವಾಗ, ದೇವರ ಕಾಳಜಿಯನ್ನು ಕಾಣಬಯಸುವವನು ಮೊದಲು ಅದನ್ನು ಹೊತ್ತು ತರುವ ಮನೆಯವರ ಕೈಗಳನ್ನು ಕಾಣಬೇಕಾಗುತ್ತದೆ, ಮತ್ತು ಇಲ್ಲಿಯೇ ಭಕ್ತರ ಮನೆಗಳು ಹೆಚ್ಚಾಗಿ ಎಡವಿವೆ. ತಟ್ಟೆಯ ಮುಂದೆ ಕಣ್ಮುಚ್ಚಿ ಅನ್ನಪೂರ್ಣೆಯನ್ನು ಸ್ಮರಿಸುವವನು, ಮುಂಜಾನೆ ಐದಕ್ಕೆ ಎದ್ದು ಒಲೆಯ ಮುಂದೆ ನಿಂತವಳಿಗೆ ಒಂದು ಒಳ್ಳೆಯ ಮಾತನ್ನೂ ಆಡದೆ ಸಾರಿಗೆ ಉಪ್ಪು ಕಡಿಮೆಯೆಂದು ಮುಖ ಸಿಂಡರಿಸಿದರೆ, ಅವನ ಸ್ಮರಣೆ ಯಾರಿಗೆ ತಲುಪಿತು? ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಒಬ್ಬಳೇ ಕುಳಿತು ಉಣ್ಣುವ ಸೊಸೆಯನ್ನು ಮನೆಯ ಲಕ್ಷ್ಮಿಯೆಂದು ಹೊಗಳುವುದು ಇನ್ನೂ ಕೆಟ್ಟದ್ದು, ಏಕೆಂದರೆ ಅಲ್ಲಿ ಒಬ್ಬರ ದಣಿವನ್ನು ಮುಚ್ಚಲು ದೇವರ ಹೆಸರು ಬಳಕೆಯಾಗುತ್ತದೆ. ಪುರಂದರದಾಸರ ಐತಿಹ್ಯ ಇದಕ್ಕೆ ಎದುರಾದ ಮಾದರಿಯನ್ನು ಕೊಡುತ್ತದೆ. ದಾಸರಾಗುವ ಮೊದಲು ಶ್ರೀನಿವಾಸ ನಾಯಕನೆಂಬ ಹೆಸರಿನಲ್ಲಿ ಹಣದ ವ್ಯವಹಾರದಲ್ಲಿ ಮುಳುಗಿದ್ದ ಅವರ ಮನೆಗೆ ಬಡ ಬ್ರಾಹ್ಮಣನ ವೇಷದಲ್ಲಿ ಭಗವಂತ ಬಂದದ್ದು, ಮಡದಿ ಸರಸ್ವತಿಬಾಯಿ ಮೂಗುತಿಯನ್ನು ದಾನ ಮಾಡಿದ್ದು, ಆ ಮೂಗುತಿಯಿಂದಲೇ ಗಂಡನ ಕಣ್ಣು ತೆರೆದದ್ದು ಎಲ್ಲರೂ ಬಲ್ಲ ಕಥೆ. ಅಷ್ಟಾಗಿ ಗಮನಕ್ಕೆ ಬಾರದ ಮಾತೆಂದರೆ, ದಾಸರಾದ ಮೇಲೆ ಅವರು ಆ ಉಪಕಾರವನ್ನು ಮರೆಯದೆ, ತಮ್ಮ ಕೈಗೆ ಗೋಪಾಳಬುಟ್ಟಿಯನ್ನು, ಎಂದರೆ ದಾಸರು ಭಿಕ್ಷೆಗೆ ಹಿಡಿಯುವ ಬುಟ್ಟಿಯನ್ನು, ಹಿಡಿಸಿದವಳು ಮಡದಿಯೇ ಎಂದು ಹಾಡಿನಲ್ಲಿ ಬಾಯಿತುಂಬ ಹರಸಿದರು ಎಂಬುದು. ವಿಠಲನ ಕೃಪೆಯನ್ನು ಹಾಡಿದ ಬಾಯಿಗೆ ಹೆಂಡತಿಯ ಋಣವನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಲು ಸಂಕೋಚವಾಗಲಿಲ್ಲ.

ಸಂಕಟದ ದಿನಗಳ ವಿಷಯವನ್ನು ಬಿಟ್ಟು ಈ ಮಾತನ್ನು ಮುಗಿಸುವುದು ಅಪ್ರಾಮಾಣಿಕವಾದೀತು. ಎಳೆಯ ಮಗು ತೀರಿಹೋದ ಮನೆಯಲ್ಲಿ, ದುಡಿಯುವವನು ಹಾಸಿಗೆ ಹಿಡಿದ ಮನೆಯಲ್ಲಿ ನಿಂತು ಇದೂ ದೇವರ ಕಾಳಜಿಯೇ ಎಂದು ಉಪದೇಶಿಸುವುದು ಕ್ರೌರ್ಯ. ಅಂಥ ಮಾತನ್ನು ನೊಂದವರು ತಾವೇ, ತಮ್ಮ ಕಾಲಕ್ಕೆ, ಹೇಳಿಕೊಂಡರೆ ಬೇರೆ, ಹೊರಗಿನವರು ಹೇಳಬಾರದು. ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರೋ ನೆರೆಯವರೋ ತಮ್ಮ ಮನೆಯಲ್ಲಿ ಅಡುಗೆ ಮಾಡಿ ತಂದು, ಒಲ್ಲೆನೆಂದವರಿಗೂ ನಾಲ್ಕು ತುತ್ತು ಉಣಿಸಿ ಹೋಗುತ್ತಾರೆ. ದೇವರು ಏಕೆ ಹೀಗೆ ಮಾಡಿದ ಎಂಬ ಪ್ರಶ್ನೆಗೆ ಆ ಊಟದಲ್ಲಿ ಉತ್ತರವಿಲ್ಲ, ಮತ್ತು ತಂದವರು ಉತ್ತರ ಕೊಡಲು ಬಂದವರೂ ಅಲ್ಲ. ನೋವು ಏಕೆಂದು ತಿಳಿಯದಿದ್ದರೂ ಉಣಿಸುವ ಕೈ ತಪ್ಪಲಿಲ್ಲ ಎಂಬುದಷ್ಟೇ ಅಲ್ಲಿ ಸತ್ಯ, ಮತ್ತು ಬಹಳ ಮಂದಿ ಆ ಒಂದು ಸತ್ಯವನ್ನು ಹಿಡಿದುಕೊಂಡೇ ಮರಳಿ ಬದುಕಿಗೆ ಬಂದಿದ್ದಾರೆ. ಕಿರಿಯರು ಅಂಥ ಮನೆಗೆ ಹೋಗುವಾಗ ಸಮಾಧಾನದ ಮಾತುಗಳನ್ನು ಹುಡುಕುವುದಕ್ಕಿಂತ ಅನ್ನದ ಡಬ್ಬಿಯನ್ನು ತುಂಬಿಕೊಂಡು ಹೋಗುವುದು ಲೇಸು.

ಕಾಳಜಿಯನ್ನು ತನ್ನ ನಾಲ್ಕು ಗೋಡೆಗಳೊಳಗೆ ಮಾತ್ರ ಕಾಣುವವನಿಗೆ ಅದು ಬೇಗನೆ ಹೆಮ್ಮೆಯಾಗಿ ಮಾರ್ಪಡುವ ಅಪಾಯವೂ ಉಂಟು; ದೇವರು ಈ ಮನೆಯನ್ನು ಕಾಪಾಡಿದ್ದಾನೆ ಎಂಬ ಮಾತು, ಪಕ್ಕದ ಮನೆಯನ್ನು ಕಾಪಾಡಲಿಲ್ಲ ಎಂಬ ಮಾತಿಗೆ ಒಂದೇ ಹೆಜ್ಜೆಯ ದೂರದಲ್ಲಿರುತ್ತದೆ. ದಾಸೋಹವನ್ನು ಶರಣರು ಕಾಯಕದ ಜೊತೆಗೇ ಇಟ್ಟದ್ದು ಈ ಹೆಮ್ಮೆಗೆ ಮದ್ದಾಗಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ದಶಕಗಳ ಕಾಲ ನಡೆಸಿದಾಗ, ಆ ಉಗ್ರಾಣಕ್ಕೆ ರಾಗಿ, ಅಕ್ಕಿ, ಬೇಳೆ ಬಂದದ್ದರಲ್ಲಿ ಹಳ್ಳಿಗಳ ರೈತರ ಮನೆಗಳ ಪಾಲು ಬಹಳ ದೊಡ್ಡದು; ತಮಗೆ ದೊರೆತದ್ದು ತಮಗಾಗಿ ಮಾತ್ರ ಬಂದದ್ದಲ್ಲವೆಂದು ಆ ಮನೆಗಳವರು ಬಲ್ಲರು.

ಉಳಿದದ್ದು ಮಕ್ಕಳ ವಿಷಯ. ಹಟ ಮಾಡಿದರೆ ದೇವರು ಶಿಕ್ಷಿಸುತ್ತಾನೆ ಎಂದು ಹೆದರಿಸಿ ಬೆಳೆಸಿದ ಮಗುವಿಗೆ, ಅದೇ ದೇವರು ಕಾಪಾಡುವವನೂ ಹೌದು ಎಂದು ಮುಂದೆ ನಂಬಿಸುವುದು ಬಹಳ ಕಷ್ಟ. ಆದ್ದರಿಂದ ಹೊಸ ತಂದೆತಾಯಂದಿರು ಆ ಬೆದರಿಕೆಯನ್ನು ಮೊದಲ ದಿನದಿಂದಲೇ ಮನೆಯ ಹೊರಗಿಡಬೇಕು. ಅದರ ಬದಲು ರಾತ್ರಿ ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತಾಗ, ಅಡುಗೆ ಮಾಡಿದವರಿಗೆ ಮೊದಲು ಬಡಿಸಿ, ತಟ್ಟೆಯಲ್ಲಿರುವ ಅನ್ನ ಯಾವ ಊರಿನ ಗದ್ದೆಯಿಂದ ಬಂದಿರಬಹುದು, ಇಂದು ಮನೆಗೆ ಹಾಲು ಹಾಕಿದವರು ಯಾರು, ಅಜ್ಜನ ಕೈಹಿಡಿದು ರಸ್ತೆ ದಾಟಿಸಿದವರು ಯಾರು ಎಂದು ಮಗುವನ್ನು ಕೇಳುವ ರೂಢಿಯಿದ್ದರೆ ಒಳ್ಳೆಯದು. ಮಗು ಉತ್ತರಿಸಲು ಹೆಸರುಗಳನ್ನು ಕೇಳಿ ತಿಳಿಯಬೇಕಾಗುತ್ತದೆ. ಹಾಲಿನವರ ಹೆಸರು ತಂದೆತಾಯಿಗೂ ತಿಳಿಯದಿದ್ದರೆ ಮರುದಿನ ಬೆಳಗ್ಗೆ ಅವರೇ ಬಾಗಿಲಿಗೆ ಹೋಗಿ ವಿಚಾರಿಸಿ ಬರಲಿ.