ಮೂಲೆಯಂಗಡಿಯ ಲೆಕ್ಕ

ಪುಣೆಯ ಮಂಡೈಯಲ್ಲಿ ಇಂದಿಗೂ ‘ಪಾವಶೇರ’ ಬೆಂಡೆಕಾಯಿ ಬೇಡಿದರೆ ವ್ಯಾಪಾರಿಯು 250 ಗ್ರಾಂ ತೂಗಿ ಕೊಡುವನು. ಶಬ್ದವು ಹಳೆಯದು, ತೂಕ ಮಾತ್ರ ಹೊಸದು. 80 ತೊಲೆಗಳ ಸೇರು ಸುಮಾರು 933 ಗ್ರಾಂ ಇದ್ದಿತು. ಅದರ ಕಾಲುಭಾಗವು 233 ಗ್ರಾಂ. ಇಂಥ ಲೆಕ್ಕಗಳನ್ನು ನಾವು ಮೊದಲು ಕಲಿತದ್ದು ಶಾಲೆಯಲ್ಲಲ್ಲ, ವಿಜಾಪುರ ಜಿಲ್ಲೆಯ ಸಣ್ಣ ಊರೊಂದರ ಕಿರಾಣಿ ಅಂಗಡಿಯಲ್ಲಿ.

ಎರಡು ಓಣಿಗಳು ಕೂಡುವ ಮೂಲೆಯಲ್ಲಿ ಆ ಅಂಗಡಿಯಿದ್ದಿತು. ಮುಂದೆ ಜೋಳ, ತೊಗರಿಬೇಳೆಗಳ ಚೀಲಗಳು. ಒಳಗೆ ಬೆಲ್ಲದ ಪೆಂಟೆಗಳು, ಶೇಂಗಾ ಎಣ್ಣೆಯ ಡಬ್ಬಿ. ನಡುವೆ ತಕ್ಕಡಿ ಹಿಡಿದು ಕುಳಿತ ಕಾಕಾ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಅದರ ಮೇಲೆ ನಮ್ಮ ಕೈಗೆ ಒಂದು ಚೂರು ಬೆಲ್ಲವನ್ನೋ ನಾಲ್ಕು ಪುಟಾಣಿಗಳನ್ನೋ ಅವರು ಇಡುತ್ತಿದ್ದರು. ಅದಕ್ಕೆ ಕೊಸರು ಎಂದು ಹೆಸರು. ನಿಜ ಹೇಳಬೇಕೆಂದರೆ ನಾವು ಅಂಗಡಿಗೆ ಓಡುತ್ತಿದ್ದುದು ಅದಕ್ಕಾಗಿಯೇ.

ರೂಪಾಯಿಗೆ 16 ಆಣೆ, ಸೇರಿಗೆ 16 ಚಟಾಕು. ಹದಿನಾರರಲ್ಲಿ ಒಂದು ಭಾಗಕ್ಕೆ ಕನ್ನಡದಲ್ಲಿ ವೀಸವೆಂಬ ಹೆಸರೇ ಉಂಟು. ಆದುದರಿಂದ ಸೇರು ಸಕ್ಕರೆಗೆ ಒಂದು ರೂಪಾಯಿ ಎಂದರೆ ಚಟಾಕಿಗೆ ಒಂದಾಣೆ. ಎರಡು ರೂಪಾಯಿ ಎಂದರೆ ಎರಡಾಣೆ. ಅಕ್ಷರ ಬಾರದವರೂ ಇದನ್ನು ಬೆರಳೆಣಿಸದೆ ಹೇಳುತ್ತಿದ್ದರು.

1957ರ ಏಪ್ರಿಲ್ 1ರಂದು ನಯೇಪೈಸೆ ಬಂದಿತು. ಐದು ತಿಂಗಳ ಹಿಂದೆ ನಮ್ಮ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದಿತು. ಅಂಗಡಿಯ ಕಟ್ಟೆಯ ಮೇಲೆ ಅದಕ್ಕಿಂತ ಈ ನಾಣ್ಯದ ಗದ್ದಲವೇ ಹೆಚ್ಚು. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು. ಕಾಲು ಪೈಸೆಯ ನಾಣ್ಯವೇ ಇಲ್ಲ! ಸರಕಾರದ ಕೋಷ್ಟಕದಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25.

ಒಂದಾಣೆಯ ಪೊಟ್ಟಣಕ್ಕೆ ಆರು ಪೈಸೆ ತೆಗೆದುಕೊಂಡರೆ ಹದಿನಾರು ಪೊಟ್ಟಣಗಳಿಗೆ 96. ಅಂಗಡಿಗೆ ನಾಲ್ಕು ಪೈಸೆ ನಷ್ಟ. ಕಾಕಾ ಏಳು ಕೇಳತೊಡಗಿದರು. ಆಗ ಹದಿನಾರಕ್ಕೆ 112. ಗಿರಾಕಿಗೆ ಹನ್ನೆರಡು ನಷ್ಟ. ಅವರ ದೂರು ಸುಳ್ಳಲ್ಲ, ಆದರೆ ಕಂಡುಕೊಂಡ ಪರಿಹಾರವು ನಷ್ಟದ ಮೂರು ಪಾಲು. ಕೊಸರಿನ ಬೆಲ್ಲವನ್ನು ತುಸು ದೊಡ್ಡದಾಗಿ ಒಡೆದು ಕೊಡಲಾರಂಭಿಸಿದರು. ಮಕ್ಕಳಿಗೆ ಅಷ್ಟೇ ಸಾಕಾಗಿದ್ದಿತು. ಅವ್ವನಿಗೆ ಸಾಕಾಗಲಿಲ್ಲ. ದಿನಕ್ಕೊಂದು ಚಟಾಕು ತರಿಸುವದನ್ನು ಬಿಟ್ಟು ಆಕೆ ನಾಲ್ಕಾಣೆಯ ಸಕ್ಕರೆಯನ್ನು ಒಮ್ಮೆಲೇ ತರಿಸಿದಳು. ಇಪ್ಪತ್ತೈದು ಪೈಸೆ, ಅಲ್ಲಿ ವಾದಕ್ಕೆ ಎಡೆಯಿಲ್ಲ.

ಎದುರು ಮನೆಯ ಅತ್ತಿಗೆ ಈ ಉಪಾಯವು ಒದಗಲಿಲ್ಲ. ಕೂಲಿಯ ಹಣವು ಸಂಜೆಗೆ ಕೈಸೇರಿ ರಾತ್ರಿಗೆ ಮುಗಿಯುತ್ತಿದ್ದಿತು. ಒಮ್ಮೆಲೇ ನಾಲ್ಕಾಣೆ ಎಲ್ಲಿಂದ ಬರಬೇಕು? ಓಣಿಯಲ್ಲಿ ಎಲ್ಲರಿಗಿಂತ ಕಡಿಮೆ ಕೊಳ್ಳುವವಳು ಎಲ್ಲರಿಗಿಂತ ಹೆಚ್ಚು ದರ ಕೊಟ್ಟಳು.

1958ರ ಅಕ್ಟೋಬರದಿಂದ ದೇಶದಲ್ಲಿ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದವು. ನಮ್ಮ ಅಂಗಡಿಗೂ ಹೊಸ ಕಬ್ಬಿಣದ ತೂಕಗಳು ಬಂದಾಗ ಅತ್ತಿಯು ಎಂದಿನಂತೆ ಚಟಾಕು ಸಕ್ಕರೆಯನ್ನೇ ಕೇಳಿದಳು. ಕಾಕಾ ತಕ್ಕಡಿಯಲ್ಲಿ 50 ಗ್ರಾಂ ತೂಕವನ್ನಿಟ್ಟು ಅದೇ ಏಳು ಪೈಸೆ ತೆಗೆದುಕೊಂಡರು. ಹಳೆಯ ಚಟಾಕು 58 ಗ್ರಾಂಗಿಂತ ತುಸು ಹೆಚ್ಚು. ಬೆಲೆ ಆರೂಕಾಲು ಪೈಸೆ. ಆ ದರದಂತೆ ಅತ್ತಿಯು ಎಷ್ಟು ಕೊಡಬೇಕಾಗಿತ್ತು? ವಿದ್ಯಾರ್ಥಿಗಳು ಬಿಡಿಸಿ ನೋಡಲಿ.