ಮನೆಗೆ ಬಣ್ಣ ಹಚ್ಚುವವರ ಆಯ್ಕೆ

ಅನ್ನ, ಅರಿವೆ, ಆಸರೆ ಇವು ಮಾನವನ ಮೂಲಭೂತ ಅವಶ್ಯಕತೆಗಳೆಂದು ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ಓದುತ್ತೇವೆ. ಆಸರೆಯೆಂದರೆ ನಾಲ್ಕು ಗೋಡೆ, ಮೇಲೊಂದು ಮಾಳಿಗೆ ಎಂದು ತಿಳಿದು ಅಲ್ಲಿಗೇ ಬಿಡುತ್ತೇವೆ. ಆ ಗೋಡೆಯನ್ನು ಗಾಳಿ ಮಳೆಗಳಿಂದ ಕಾಯುವುದು ಅದರ ಮೈಮೇಲಿನ ಸುಣ್ಣಬಣ್ಣವೆಂಬುದು ಮರೆತೇಹೋಗಿರುತ್ತದೆ. ಮನೆ ಕಟ್ಟುವಾಗ ನಾಲ್ಕು ಜನ ಗೌಂಡಿಗಳನ್ನು ವಿಚಾರಿಸುವ ನಮ್ಮ ಹಿರಿಯರು, ಬಣ್ಣದ ಮಾತು ಬಂದಾಗ ಯಾರು ಕಡಿಮೆ ದರಕ್ಕೆ ಒಪ್ಪುವರೋ ಅವರನ್ನೇ ಕರೆತರುತ್ತಾರೆ. ಈ ರೂಢಿ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಈ ಚಿಕ್ಕ ಲೇಖನದ ಉದ್ದೇಶ. ನಮ್ಮ ತಂದೆಯವರು ಇದೇ ಉದ್ಯೋಗದವರು; ರಜೆಯ ದಿನಗಳಲ್ಲಿ ನಾನೂ ಅವರ ಏಣಿ ಹಿಡಿದವನು. ಆದುದರಿಂದ ಓದಿದ ಮಾತಿಗಿಂತ ಕಂಡ ಮಾತು ಇಲ್ಲಿ ಹೆಚ್ಚಾಗಿದ್ದರೆ ಗುರುಗಳು ಮನ್ನಿಸಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳಿಗೆ ಸುಣ್ಣವೇ ಬಣ್ಣ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ನೀರು ಹಾಕಿದೊಡನೆ ಕೊತಕೊತನೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿನ ಅದೇ ವಾಯುವನ್ನು ಮತ್ತೆ ಹೀರಿ ಕಲ್ಲಾಗುತ್ತದೆ. ಗೋಡೆಯೊಳಗಿನ ಪಸೆ ಹೊರಗೆ ಹೋಗಲು ಸುಣ್ಣ ಅಡ್ಡಿ ಮಾಡದು. ಹಬ್ಬ ಬಂತೆಂದರೆ ಮನೆಯ ಹೆಣ್ಣುಮಕ್ಕಳೇ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು ಮುಗಿಸುತ್ತಿದ್ದರು. ಆಗ ಬಣ್ಣದವನನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ.

ಈಗ ಸಿಮೆಂಟು, ಪುಟ್ಟಿ, ಪ್ರೈಮರು, ಎಮಲ್ಷನ್ನುಗಳು ಬಂದಿವೆ. ಹತ್ತಾರು ವರ್ಷ ಸುಣ್ಣದ ಮೇಲೆ ಸುಣ್ಣ ಬಳಿದ ಗೋಡೆಗೆ ಒಮ್ಮೆಲೆ ಎಮಲ್ಷನ್ ಹಚ್ಚಿದರೆ, ಅದು ಹಿಡಿಯುವುದು ಗೋಡೆಯನ್ನಲ್ಲ, ಸಡಿಲಾದ ಸುಣ್ಣದ ಹಕ್ಕಳೆಯನ್ನು. ಮೊದಲನೆಯ ಮಳೆಗಾಲ ಕಳೆಯುವುದರೊಳಗೆ ಹಪ್ಪಳದಂತೆ ಏಳುತ್ತದೆ. ಬಲ್ಲವನು ಬಂದೊಡನೆ ಬಣ್ಣದ ಪಟ್ಟಿಯನ್ನು ಬಿಚ್ಚಿ ತೋರಿಸುವುದಿಲ್ಲ. ಗೋಡೆಗೆ ಅಂಗೈ ಒರೆಸಿ ಪುಡಿ ಹತ್ತುವುದೋ ನೋಡುತ್ತಾನೆ, ಉಗುರಿನಿಂದ ಕೆರೆಯುತ್ತಾನೆ, ಬುಡದ ಪಸೆ ಎಲ್ಲಿಂದ ಬಂತೆಂದು ಹಿತ್ತಲಿಗೆ ಹೋಗಿ ಬಚ್ಚಲ ನೀರಿನ ದಾರಿ ಹುಡುಕುತ್ತಾನೆ. ಈ ಒಂದು ಲಕ್ಷಣ ಸಾಕು, ಅರ್ಧ ಪರೀಕ್ಷೆ ಮುಗಿದಂತೆ.

ಇದಕ್ಕೆ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ಕೊಪ್ಪಳ ತಾಲೂಕಿನ ಕಿನ್ನಾಳದ ಚಿತ್ರಗಾರರ ಗೊಂಬೆಗಳನ್ನು ಎಲ್ಲರೂ ಬಲ್ಲೆವು. ಹಗುರಾದ ಕಟ್ಟಿಗೆಯನ್ನು ಕೆತ್ತಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಕೂಡಿಸಿದ ಕಿಟ್ಟದಿಂದ ಸಂದುಗಳನ್ನು ತುಂಬಿ, ಅರೆದ ಕಲ್ಲಿನ ಪುಡಿಯ ಲೇಪ ಕೊಟ್ಟು, ಅದು ಒಣಗಿದ ಬಳಿಕವೇ ಅವರು ಬಣ್ಣದ ಕುಂಚ ಮುಟ್ಟುವುದು. ಕಣ್ಣಿಗೆ ಬೀಳುವ ಬಣ್ಣಕ್ಕಿಂತ ಕಾಣದ ಲೇಪಕ್ಕೇ ಹೆಚ್ಚು ಶ್ರಮ! ಗೋಡೆಯೂ ಹಾಗೆಯೇ. ಆದರೆ ದರ ಇಳಿಸಿ ಇಳಿಸಿ ಕೇಳುವ ಒಡೆಯನು ಆ ಕಾಣದ ಕೆಲಸವನ್ನೇ ತನಗೆ ಅರಿಯದಂತೆ ಕಡಿತ ಮಾಡಿಸುತ್ತಿರುತ್ತಾನೆ. ಕೆರೆಯುವ ಎರಡು ದಿನದ ಕೂಲಿ ಉಳಿಯಿತೆಂದು ಹಿಗ್ಗಿ, ಮರುವರ್ಷ ಮತ್ತೆ ಬಣ್ಣ ಕೊಳ್ಳುತ್ತಾನೆ.

ನೆಲದ ಗುಣವೂ ಗಮನಾರ್ಹ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲಿನ ಗೋಡೆ ಸೀಳುತ್ತದೆ; ತುಂಗಭದ್ರೆಯ ಕಾಲುವೆ ಹರಿಯುವ ಗಂಗಾವತಿ ಕಡೆ ಬುಡದ ಪಸೆ ಬೇರೆ. ಉಪ್ಪು ಕಾರುವ ಗೋಡೆಯ ಬಿಳಿಯ ಹಿಟ್ಟನ್ನು ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಒಳಸೇರುತ್ತದೆ. ಒಣ ಬ್ರಷ್ಷಿನಿಂದಲೇ ಉದುರಿಸಬೇಕು. ಇಂಥ ಗೋಡೆಗೆ ಏನು ಮಾಡುವಿ ಎಂದು ಕೇಳಿದಾಗ, ಎರಡು ಕೋಟು ಹೊಡೆದರೆ ಎಲ್ಲ ಮುಚ್ಚಿಹೋಗುತ್ತದೆ ಎನ್ನುವವನನ್ನು ನಮಸ್ಕಾರ ಮಾಡಿ ಕಳುಹಿಸುವುದು ಲೇಸು.

ಅವನು ಹಿಂದೆ ಮಾಡಿದ ಕೆಲಸವನ್ನು ನೋಡಬೇಕೆಂದು ಎಲ್ಲರೂ ಹೇಳುತ್ತಾರೆ. ಹೋದ ವಾರದ ಗೋಡೆ ಯಾರದ್ದಾದರೂ ಚೆಂದವೇ. ಒಂದು ಮಳೆಗಾಲ, ಒಂದು ಬೇಸಿಗೆ ಕಂಡ ಗೋಡೆಯನ್ನು ನೋಡಿರಿ.

ಲೆಕ್ಕವನ್ನು ನಾವೇ ಮಾಡಬಹುದು. ೧೨ ಅಡಿ ಉದ್ದ, ೧೦ ಅಡಿ ಅಗಲ, ೧೦ ಅಡಿ ಎತ್ತರದ ಕೋಣೆಯ ಸುತ್ತಳತೆ ೪೪ ಅಡಿ. ಗೋಡೆ ೪೪೦ ಚದರಡಿ. ೩×೭ರ ಬಾಗಿಲು, ೪×೪ರ ಕಿಟಕಿ ಕಳೆದರೆ ೪೦೩ ಚದರಡಿ ಉಳಿಯಿತು. ಲೀಟರಿಗೆ ಎಷ್ಟು ಚದರಡಿ ಎಂಬುದು ಡಬ್ಬಿಯ ಮೇಲೆಯೇ ಇರುತ್ತದೆ. ಎಷ್ಟು ಕೋಟು, ಕೆರೆದು ಪುಟ್ಟಿ ಹಚ್ಚುವುದು ಸೇರಿದೆಯೋ ಇಲ್ಲವೋ, ಸಾಮಾನು ಯಾರದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಮುಂದೆ ಜಗಳವಿಲ್ಲ. ಅನೇಕ ಕಂಪನಿಗಳು ಡಬ್ಬಿಯೊಳಗೆ ಪೇಂಟರಿಗೆಂದು ಟೋಕನ್ ಇಡುತ್ತವೆ. ಇಂಥದೇ ಬಣ್ಣ ತನ್ನಿ ಎಂಬ ಹಟಕ್ಕೆ ಒಮ್ಮೊಮ್ಮೆ ಅದೂ ಕಾರಣ. ನಮ್ಮವರ ಗುಟ್ಟನ್ನು ನಾನೇ ಹೊರಗೆಡವಿದಂತಾಯಿತು!

ಇನ್ನೊಂದು ವಿಷಯ ಹಣದ್ದಲ್ಲ, ಜೀವದ್ದು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆತಿರುತ್ತಿತ್ತು. ಅದು ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ೨೦೧೬ರಲ್ಲಿ ಭಾರತ ಸರ್ಕಾರ ಮಾಡಿದ ನಿಯಮದಂತೆ, ೨೦೧೭ರ ನವೆಂಬರಿನಿಂದ ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗ ಮೀರಕೂಡದು. ಹೊಸ ಡಬ್ಬಿಯ ಮಾತಾಯಿತು. ಅಜ್ಜನ ಕಾಲದ ಬಾಗಿಲಿನ ಬಣ್ಣದೊಳಗೆ ಏನಿದೆಯೋ! ಅದನ್ನು ಒಣಗಿದಂತೆಯೇ ಉಜ್ಜುವವನನ್ನು ತಡೆಯಿರಿ. ನೀರು ಹಚ್ಚಿ ಉಜ್ಜಬೇಕು, ಮೂಗು ಬಾಯಿ ಮುಚ್ಚಿರಬೇಕು, ಮಕ್ಕಳನ್ನು ದೂರವಿಡಬೇಕು, ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ನಮ್ಮ ತಂದೆಯವರ ವಾರಿಗೆಯವರು ಆ ಪುಡಿಯನ್ನು ಎಷ್ಟು ವರ್ಷ ಉಸಿರಾಡಿದರೋ! ರಾತ್ರಿಯ ಅವರ ಕೆಮ್ಮಿಗೆ ಧೂಳೋ ಸುಣ್ಣವೋ ಯಾವುದು ಕಾರಣವೆಂದು ಯಾರೂ ಪರೀಕ್ಷಿಸಿದ್ದಿಲ್ಲ. ಏಣಿಗೆ ಬಿದಿರು ಕಟ್ಟಿ ಎತ್ತರಿಸುವ ಸಾಹಸವಂತೂ ಬೇಡವೇ ಬೇಡ. ಎತ್ತರಕ್ಕೆ ಸಾರವೆ ಕಟ್ಟುತ್ತೇನೆನ್ನುವವನ ದರ ತುಸು ಹೆಚ್ಚಾದರೂ ಅವನೇ ಸರಿ.

ಕಡೆಯದಾಗಿ, ಆರಿಸಿದವನಿಗೆ ಲೇಬರ್ ಕಾರ್ಡು ಇದೆಯೋ ಕೇಳಿರಿ. ೧೯೯೬ರ ಕಟ್ಟಡ ಕಾರ್ಮಿಕರ ಕಾಯಿದೆಯ ಮೇರೆಗೆ ರೂಪಿತವಾದ ಪದ್ಧತಿಯಲ್ಲಿ, ೧೮ ದಾಟಿ ೬೦ ತುಂಬದ, ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನ ಕಟ್ಟಡದ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು; ಬಣ್ಣದವರೂ ಅದರಲ್ಲಿ ಸೇರುತ್ತಾರೆ. ಅರ್ಜಿ ತುಂಬಲು ಬಾರದೆಂದು ಹಿಂಜರಿಯುವವರು ನಮ್ಮ ಓಣಿಯಲ್ಲಿ ಬಹಳ. ನಾವು ಕಾಲೇಜಿನವರು ಒಂದು ಭಾನುವಾರ ಕುಳಿತರೆ ಹತ್ತು ಅರ್ಜಿ ತುಂಬಿಕೊಡಬಹುದು. ಕಳೆದ ರಜೆಯಲ್ಲಿ ನಾನು ಆರು ಬರೆದುಕೊಟ್ಟೆ.